ಸಹನೆ ಎಂದರೆ ಮೌನವಲ್ಲ

ಮೈಸೂರಿನ ಮೇಟಗಳ್ಳಿ, ಹೆಬ್ಬಾಳು, ಹೂಟಗಳ್ಳಿಯ ಕಾರ್ಖಾನೆಗಳಿಗೆ ದುಡಿಯಲು ಹೋಗುವವರಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳೂ ಇದ್ದಾರೆ. ಒಂದು ಸಂಜೆ ಮಗಳು ಸಪ್ಪಗೆ ಬಂದು, ಮೇಲ್ವಿಚಾರಕನ ಮಾತು, ವರ್ತನೆ ಸರಿಯಿಲ್ಲ ಎಂದಳು ಎನ್ನಿ. ತಾಯಿಯ ಬಾಯಿಂದ ಮೊದಲು ಬರುವ ಮಾತು, "ಸಬರ್ ಮಾಡಮ್ಮ, ಹೊರಗೆ ಗೊತ್ತಾದರೆ ನಮ್ಮದೇ ಮಾನ ಹೋಗುತ್ತದೆ." ತಂದೆಯದು, "ನಾಳೆಯಿಂದ ಕೆಲಸಕ್ಕೆ ಹೋಗಬೇಡ." ಎರಡರಿಂದಲೂ ಲಾಭ ಆ ಮೇಲ್ವಿಚಾರಕನಿಗೇ.

ಸಹನೆಯೆಂದರೆ ಅಕ್ರಮಿಗೆ ದಾರಿ ಬಿಟ್ಟುಕೊಡುವುದಲ್ಲ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ. ಆದರೆ ಅನ್ಯಾಯಕ್ಕೊಳಗಾದವರನ್ನು ಅನ್ನಿಸಾ ಅಧ್ಯಾಯದ 148ನೆಯ ಸೂಕ್ತ ಇದರಿಂದ ಹೊರತುಪಡಿಸಿದೆ. ಅಕ್ರಮಿಯ ಕೈ ತಡೆಯುವುದೇ ಅವನಿಗೆ ಮಾಡುವ ಸಹಾಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಸಾಕ್ಷಿಯಿಲ್ಲದೆ ದೂರು ಕೊಟ್ಟರೆ ಅಪವಾದ ಹೊರಿಸಿದಂತಾಗದೇ ಎಂದು ದೇವಭಯವುಳ್ಳ ಸಹೋದರಿಯರು ಅಂಜುತ್ತಾರೆ. ಈ ಅಂಜಿಕೆ ಗೌರವಕ್ಕೆ ಅರ್ಹ. ಆದರೆ ಊರೆಲ್ಲ ಸುದ್ದಿ ಹಬ್ಬಿಸುವುದು ಬೇರೆ, ತನಗಾದದ್ದನ್ನು ನ್ಯಾಯ ಕೊಡಬೇಕಾದವರ ಮುಂದೆ ಹೇಳುವುದು ಬೇರೆ. 2013ರ ಕಾನೂನೂ ಇಲ್ಲಿ ಸೂಕ್ಷ್ಮವಾಗಿದೆ: ಬೇಕೆಂದೇ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮವುಂಟು, ಆದರೆ ರುಜುವಾತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ದೂರು ಸುಳ್ಳೆನಿಸುವುದಿಲ್ಲ. ನಡೆದದ್ದನ್ನು ನಡೆದಂತೆಯೇ ಹೇಳಿರಿ, ಕೂಡಿಸಬೇಡಿ, ಕಳೆಯಬೇಡಿ.

ಈ ಕಾನೂನಿನ ಬೇರು 1997ರ ವಿಶಾಖಾ ತೀರ್ಪಿನಲ್ಲಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರು. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ಮಾಲೀಕನೇ ಆರೋಪಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಇದು ಅನ್ವಯ. ಅವಧಿಯನ್ನು ಮರೆಯಬೇಡಿ: ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಲಿಖಿತವಾಗಿ ಹೋಗಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯದೇ ಹೊಣೆ. ವಿಚಾರಣೆ ನಡೆಯುವಾಗ ಬೇರೆ ವಿಭಾಗಕ್ಕೆ ವರ್ಗವನ್ನೋ, ಮೂರು ತಿಂಗಳವರೆಗೆ ರಜೆಯನ್ನೋ ಕೇಳಬಹುದು. ತಾಯಂದಿರು ಗಮನಿಸಬೇಕಾದ ಮಾತೆಂದರೆ, ದೂರುದಾರಳ ಹೆಸರು, ವಿಳಾಸ ಬಹಿರಂಗಪಡಿಸುವುದನ್ನು ಕಾನೂನು ನಿಷೇಧಿಸಿದೆ. ಪೊಲೀಸ್ ಠಾಣೆಯ ದಾರಿಯೂ ತೆರೆದಿದೆ. ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಮಿನಡಿ ಇದು ಅಪರಾಧ.

ಬುರ್ಖಾ ಧರಿಸಿದ್ದಕ್ಕೆ, ಹೆಸರಿಗೆ, ನಮಾಝಿಗೆ ಹೀಯಾಳಿಸಿದರೆ? ಇಲ್ಲಿ ದಾರಿ ಅಷ್ಟು ಸುಗಮವಲ್ಲ. ಸರಕಾರಿ ನೌಕರಿಯಲ್ಲಿ ಧರ್ಮದ ಕಾರಣಕ್ಕೆ ಭೇದ ಮಾಡಕೂಡದೆಂದು ಸಂವಿಧಾನದ 16ನೆಯ ವಿಧಿ ಹೇಳುತ್ತದೆ. ಖಾಸಗಿ ಕಾರ್ಖಾನೆಗೆ ಅಂಥದೊಂದು ನೇರ ಕಾನೂನಿಲ್ಲ. ಆದರೆ ಕಾರ್ಮಿಕರನ್ನು ಅನ್ಯಾಯವಾಗಿ ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಬಳಿಗೆ ಹೋಗಬಹುದು.

ಒಂದು ನೋಟ್ ಪುಸ್ತಕವಿರಲಿ. ತಾರೀಖು, ಹೊತ್ತು, ಆಡಿದ ಮಾತು, ಹತ್ತಿರವಿದ್ದವರ ಹೆಸರು ಅಂದೇ ರಾತ್ರಿ ಬರೆದಿಡಿ; ಫೋನಿಗೆ ಬಂದ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ದೂರಿನ ಪ್ರತಿಗೆ ಸ್ವೀಕೃತಿಯ ಸಹಿ ಪಡೆಯಿರಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ: ಮಹಿಳೆಯರಿಗೆ, ವರಮಾನ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮೊದಲ ದಿನ ತಂದೆಯೋ ಅಣ್ಣನೋ ಜೊತೆಗೆ ಹೋಗಲಿ.