ತೆರಿಗೆ ಹಾಕಿದ ಮಾತ್ರಕ್ಕೆ ಜಾಯಿಜ್ ಆದೀತೇ?

ಕರ್ಜಗಿಯಲ್ಲಿ ಜುಮಾ ನಮಾಝಿನ ಬಳಿಕ ತರುಣನೊಬ್ಬ ಮೊಬೈಲ್ ಹಿಡಿದು ನನ್ನ ಬಳಿ ಬಂದ. ಮೆಣಸಿನಕಾಯಿ ಮಾರಿದ ಹಣವನ್ನು ತಂಗಿಯ ನಿಕಾಹಿಗೆಂದು ತಂದೆ ಅವನ ಖಾತೆಯಲ್ಲಿಟ್ಟಿದ್ದರು. ಅದನ್ನು ಬಿಟ್‌ಕಾಯಿನ್‌ಗೆ ಹಾಕುವ ಯೋಚನೆ. "ಹಜರತ್, ಸರಕಾರವೇ ಇದಕ್ಕೆ ತೆರಿಗೆ ಹಾಕಿದೆ. ಅಂದಮೇಲೆ ಜಾಯಿಜ್ ತಾನೇ?"

ಪ್ರಿಯ ವಾಚಕರೇ, ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಎದ್ದಿರಬಹುದು. ಸರಕಾರ ಮಾಡಿದ್ದೇನೆಂದು ಮೊದಲು ತಿಳಿಯೋಣ. 2018ರ ಎಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡಬಾರದೆಂದು ಬ್ಯಾಂಕುಗಳನ್ನು ತಡೆಯಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದುಗೊಳಿಸಿತು. 2022ರ ಬಜೆಟ್ಟಿನಲ್ಲಿ ಲಾಭದ ಮೇಲೆ ಶೇ. 30 ತೆರಿಗೆ ಬಂತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್‌ನಲ್ಲಿ ಈ ವ್ಯವಹಾರದ ಕಂಪೆನಿಗಳು ಹಣದ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ಬಂದವು. ಅಂದಿನಿಂದ ಅವು ಗಿರಾಕಿಯ ಗುರುತು, ದಾಖಲೆ ಇಡಲೇಬೇಕು.

ಆದರೆ ಲಾಟರಿ ಗೆದ್ದ ಹಣಕ್ಕೂ ತೆರಿಗೆ ಶೇ. 30 ಅಲ್ಲವೇ! ಲಾಟರಿಯನ್ನು ಯಾರಾದರೂ ಜಾಯಿಜ್ ಎಂದಾರೆಯೇ? ತೆರಿಗೆ ಹಾಕಿದರೆ ಮಾನ್ಯತೆ ಕೊಟ್ಟಂತಾಗದೆಂದು ಅರ್ಥಸಚಿವೆ ನಿರ್ಮಲಾ ಸೀತಾರಾಮನ್ 2022ರಲ್ಲೇ ರಾಜ್ಯಸಭೆಯಲ್ಲಿ ಹೇಳಿದ್ದಾರೆ.

ಇನ್ನು ಶರೀಅತ್ತಿನ ಮಾತು. ಉಲೆಮಾಗಳಲ್ಲಿ ಒಮ್ಮತವಿಲ್ಲ. ಈಜಿಪ್ತಿನ ಮುಫ್ತಿ ಶೌಕಿ ಅಲ್ಲಾಮ್ 2018ರಲ್ಲಿ ಬಿಟ್‌ಕಾಯಿನ್ ವ್ಯವಹಾರವನ್ನು ಹರಾಮ್ ಎಂದರು. ಇಂಡೋನೇಶ್ಯದ ಉಲೆಮಾ ಮಂಡಳಿ 2021ರಲ್ಲಿ ಅದನ್ನು ಹಣವಾಗಿ ಬಳಸುವುದನ್ನು ನಿಷೇಧಿಸಿತು. ಆಧಾರವಸ್ತುವೂ ಸ್ಪಷ್ಟ ಪ್ರಯೋಜನವೂ ಇದ್ದರೆ ಮಾತ್ರ ವ್ಯಾಪಾರಕ್ಕೆ ಎಡೆಯಿಟ್ಟಿತು. ಚರ್ಚೆಯ ಬೇರು 'ಗರರ್', ಅಂದರೆ ವ್ಯಾಪಾರದಲ್ಲಿನ ಅನಿಶ್ಚಿತತೆ.

ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈಹಾಕಿದಾಗ ಒಳಗೆ ಒದ್ದೆ ತಗಲಿದ ಘಟನೆ ನಿಮಗೆ ಗೊತ್ತು. ಬ್ಯಾಡಗಿ ಮಾರುಕಟ್ಟೆಯಲ್ಲಿ ನಾವೂ ಚೀಲ ಬಿಚ್ಚಿ, ಕಾಯಿ ಮುರಿದು, ಬಣ್ಣ ನೋಡಿಯೇ ದರ ಮಾತಾಡುತ್ತೇವೆ. ಮೊಬೈಲಿನ ನಾಣ್ಯದ ರಾಶಿಗೆ ಎಲ್ಲಿಂದ ಕೈಹಾಕುವುದು? 2019ರಲ್ಲಿ ಬೆಂಗಳೂರಿನ ಐ.ಎಂ.ಎ. ಕುಸಿದಾಗ 'ಹಲಾಲ್ ಹೂಡಿಕೆ' ಎಂಬ ಮಾತು ನಂಬಿದ್ದ ಸಾವಿರಾರು ಮುಸ್ಲಿಂ ಕುಟುಂಬಗಳು ಬೀದಿಗೆ ಬಂದವು. ಅದು ಕ್ರಿಪ್ಟೊ ಅಲ್ಲ, ನಿಜ. ರಾಶಿಯೊಳಗೆ ಕೈಹಾಕಿ ನೋಡದ ತಪ್ಪು ಮಾತ್ರ ಒಂದೇ.

ಈಗಾಗಲೇ ಕೊಂಡವರು ಲೆಕ್ಕ ಮುಚ್ಚಿಡಬೇಡಿ. ಸಾಲದ ವ್ಯವಹಾರ ಬರೆದಿಡಬೇಕು, ಸಾಕ್ಷಿ ಇರಬೇಕು ಎಂಬ ಆದೇಶವಿರುವುದು ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತದಲ್ಲಿ (2:282). ಸರಕಾರ ದಾಖಲೆ ಕೇಳಿತೆಂದು ಗೊಣಗುವವರು ಅದನ್ನೊಮ್ಮೆ ಓದಲಿ.

ಆ ತರುಣನಿಗೆ ಫತ್ವಾ ಕೊಡಲು ನಾನು ಮುಫ್ತಿಯಲ್ಲ. "ಅದು ನಿನ್ನ ಹಣವಲ್ಲಪ್ಪ, ತಂಗಿಯ ಅಮಾನತ್ತು. ಮೊದಲು ಅವಳನ್ನೂ ಅಬ್ಬಾನನ್ನೂ ಕೇಳಿ ಬಾ" ಎಂದೆ. ಮೊಬೈಲನ್ನು ಜೇಬಿಗೆ ಹಾಕಿ ಹೋದ.