ಷೋ ಇಲ್ಲದ ದಿನ ಏನು ಮಾಡುತ್ತೀ?

ತಮ್ಮಾ, ಹೆಗ್ಗೋಡಿನಲ್ಲೋ ಸಾಣೇಹಳ್ಳಿಯಲ್ಲೋ ಕಲಿತು, ತಿರುಗಾಟದಲ್ಲೋ ಶಿವಸಂಚಾರದಲ್ಲೋ ಊರೂರು ಸುತ್ತಿ, ಈಗ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೀ. ರೆಪರ್ಟರಿಯಲ್ಲಿ ಬೆಳಗಿನ ವ್ಯಾಯಾಮಕ್ಕೆ ಯಾರಾದರೂ ಎಬ್ಬಿಸುತ್ತಿದ್ದರು, ಹೊತ್ತಿಗೆ ಸರಿಯಾಗಿ ಊಟ ಇರುತ್ತಿತ್ತು, ತಾಲೀಮಂತೂ ತಪ್ಪುತ್ತಿರಲಿಲ್ಲ. ಇಲ್ಲಿ ಕೇಳುವವರಿಲ್ಲ. ತಿಂಗಳಿಗೆ ಒಂದೆರಡು ಷೋ ಸಿಕ್ಕರೆ ಪುಣ್ಯ. ಮಿಕ್ಕ ದಿನಗಳನ್ನು ಹೇಗೆ ಕಳೆಯುತ್ತೀ ಎಂಬುದರ ಮೇಲೆ, ಹತ್ತು ವರ್ಷ ಕಳೆದ ಮೇಲೂ ನೀನು ನಟನಾಗಿ ಉಳಿಯುತ್ತೀಯೋ ಇಲ್ಲವೋ ಎಂಬುದು ನಿಂತಿದೆ. ಅದಕ್ಕೇ ಈ ನಾಲ್ಕು ಮಾತು.

ಮೊದಲು ದನಿ. ಕಾಲರ್ ಮೈಕ್ ಬಂದ ಮೇಲೆ ಉಸಿರಿನ ಸಾಧನೆ ಬೇಡವೆಂದು ಎಷ್ಟೋ ಜನ ತಿಳಿದಿದ್ದಾರೆ. ಮೈಕ್ ಸದ್ದನ್ನು ದೊಡ್ಡದು ಮಾಡೀತು, ಮಾತಿಗೆ ಕಸುವು ಕೊಡಲಾರದು. ದಿನಾ ಬೆಳಿಗ್ಗೆ ಅರ್ಧ ಗಂಟೆ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದು. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ. ಮೂರನೆಯದೂ ಆರನೆಯದೂ 23ಕ್ಕೆ ಹಿಗ್ಗುತ್ತವೆ. ಅಷ್ಟೇ ಆಗಿದ್ದರೆ ಸುಲಭವಿತ್ತು. ಒಂದು ಸಾಲಿನಲ್ಲಿ ಶುರುವಾದ ಪದ ಮುಂದಿನ ಸಾಲಿಗೆ ಹರಿದುಬಿಡುತ್ತದೆ. ಸಾಲು ಮುಗಿಯಿತೆಂದು ಅಲ್ಲಿ ನಿಂತರೆ ಪದ ತುಂಡಾಗುತ್ತದೆ, ನಿಲ್ಲದೇ ಹೋದರೆ ಉಸಿರು ಸಾಲದು. ಅರ್ಥ ಕೆಡದಂತೆ ಎಲ್ಲಿ ಉಸಿರೆಳೆದುಕೊಳ್ಳಬೇಕೆಂದು ನಿನ್ನ ಕಿವಿಯೇ ಹುಡುಕಬೇಕು. ಅದು ಪಳಗಿತೆನಿಸಿದ ಮೇಲೆ ರಾಘವಾಂಕನ ಹರಿಶ್ಚಂದ್ರಕಾವ್ಯ ಹಿಡಿ. ಅದರ ವಾರ್ಧಕ ಷಟ್ಪದಿಯಲ್ಲಿ ಚಿಕ್ಕ ಸಾಲಿಗೇ 20 ಮಾತ್ರೆ, ದೊಡ್ಡದಕ್ಕೆ 32. ಹೀಗೆ ಒಂದು ವರ್ಷ ಓದಿದವನ ಬಾಯಲ್ಲಿ ಕಾರ್ನಾಡರ ತುಘಲಕನ ಉದ್ದ ಮಾತುಗಳು ಎಂದೂ ಬಳಲುವುದಿಲ್ಲ.

ದನಿಯ ಜೊತೆಗೆ ನುಡಿ. ಕಂಬಾರರ ನಾಟಕಕ್ಕೆ ಬೆಳಗಾವಿ ಸೀಮೆಯ ಕನ್ನಡ ಬೇಕು, ದೇವನೂರರ ಕುಸುಮಬಾಲೆಗೆ ನಂಜನಗೂಡಿನ ಕಡೆಯದು. ಕಾಮಿಡಿ ಷೋಗಳಲ್ಲಿ ಕೇಳಿದ ‘ಹುಬ್ಬಳ್ಳಿ ಭಾಷೆ’ಯನ್ನು ರಂಗಕ್ಕೆ ತರಬೇಡ, ಅದು ಆ ಜನಕ್ಕೆ ಮಾಡುವ ಅವಮಾನ. ಆ ಊರಿನ ಬಸ್‌ ಸ್ಟ್ಯಾಂಡಿನಲ್ಲಿ ಎರಡು ದಿನ ಕೂತು ಕೇಳು.

ಇನ್ನು ಹೊಟ್ಟೆಪಾಡು. ಧಾರಾವಾಹಿ ಮಾಡಿದರೆ ರಂಗಭೂಮಿಗೆ ದ್ರೋಹವೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಬಾಡಿಗೆ ಕಟ್ಟುವವನು ನೀನು, ಅವರಲ್ಲ. ಆದರೆ ಅಲ್ಲೊಂದು ಅಪಾಯವಿದೆ. ಸೆಟ್ಟಿನಲ್ಲಿ ಸಹಾಯಕ ನಿರ್ದೇಶಕರು ಪಕ್ಕದಲ್ಲಿ ನಿಂತು ಮಾತನ್ನು ಪ್ರಾಂಪ್ಟ್ ಮಾಡುತ್ತಾರೆ, ಕೇಳಿಸಿಕೊಂಡು ಒಪ್ಪಿಸಿದರೆ ಸಾಕು. ಆರು ತಿಂಗಳು ಹೀಗೆ ನಡೆದರೆ ಬಾಯಿಪಾಠದ ಶಕ್ತಿಯೇ ಹೋಗುತ್ತದೆ. ಒಳ್ಳೊಳ್ಳೆಯ ನಟರು ನಾಟಕಕ್ಕೆ ಮರಳಿದಾಗ ನಾಲ್ಕು ಪುಟ ನೆನಪಿಡಲು ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಪ್ರಾಂಪ್ಟ್ ಸಿಗುವುದಿದ್ದರೂ ಸೀನ್ ಪೇಪರ್ ಕೇಳಿ ಪಡೆದು ಕಂಠಪಾಠ ಮಾಡು. ಸೆಟ್ಟಿನಲ್ಲಿ ಕಾಯುವ ಹೊತ್ತು ಧಾರಾಳವಾಗಿ ಇರುತ್ತದೆ. ಡೇಟ್ಸ್ ವಿಷಯದಲ್ಲೂ ಗಟ್ಟಿಯಾಗಿರು: ನಾಟಕಕ್ಕೆ ಕೊಟ್ಟ ತಾರೀಖನ್ನು ಧಾರಾವಾಹಿ ಒಪ್ಪಿಕೊಳ್ಳುವ ಮೊದಲೇ ಅವರಿಗೆ ತಿಳಿಸು. ಷೋಗೆ ಎರಡು ದಿನ ಇರುವಾಗ ಕೈಕೊಟ್ಟ ನಟನನ್ನು ನಮ್ಮ ತಂಡಗಳು ಮತ್ತೆ ಕರೆಯುವುದಿಲ್ಲ. ಕರೆಯಲೂಬಾರದು.

ಡಬ್ಬಿಂಗ್ ಕೆಲಸವನ್ನೂ ಕಡೆಗಣಿಸಬೇಡ. ಪರಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗದಂತೆ ದಶಕಗಳ ಕಾಲ ತಡೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು, ಪಳಗಿದ ಕನ್ನಡ ದನಿಗೆ ಬೇಡಿಕೆ ಬಂತು. ಷಟ್ಪದಿ ಓದಿದ ನಾಲಿಗೆ ಅಲ್ಲೂ ದುಡಿಯುತ್ತದೆ. ಏಪ್ರಿಲ್, ಮೇ ಬಂದರೆ ಮಕ್ಕಳ ಶಿಬಿರಗಳು. ಮೈಸೂರು ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ನಿನ್ನ ಬಡಾವಣೆಯ ಶಾಲೆಯವರೆಗೆ ಎಲ್ಲೆಡೆ ಮೇಷ್ಟ್ರು ಬೇಕಾಗುತ್ತಾರೆ. ಕಲಿಸುವಾಗ ನಿನ್ನ ವಿದ್ಯೆಯ ತಳ ನಿನಗೇ ಕಾಣುತ್ತದೆ. ಗಂಟಲು ಮಾತ್ರ ಜೋಪಾನ, ಮಕ್ಕಳ ಮೇಲೆ ಕೂಗಾಡಿ ಜೂನ್‌ನಲ್ಲಿ ದನಿ ಕಳೆದುಕೊಳ್ಳುವವರು ಬಹಳ.

ದುಡ್ಡಿನ ಮಾತು ಮೊದಲೇ ಆಡಿಬಿಡು. ಎಷ್ಟು ದಿನ ತಾಲೀಮು, ಎಷ್ಟು ಷೋ, ಓಡಾಟದ ಖರ್ಚು ಯಾರದು, ಸಂಭಾವನೆ ಯಾವತ್ತು ಕೈಗೆ ಬರುತ್ತದೆ ಎಂದು ಕೇಳಿ, ಉತ್ತರವನ್ನು ಒಂದು ಮೆಸೇಜಿನಲ್ಲಾದರೂ ಬರೆಸಿಕೋ. ಹವ್ಯಾಸಿ ತಂಡದಲ್ಲಿ ಕೈಯಿಂದ ಹಾಕಿ ನಾಟಕ ಮಾಡುವುದು ನಮ್ಮಲ್ಲಿ ಹಳೆಯ ರೂಢಿ, ಅದರಲ್ಲಿ ತಪ್ಪಿಲ್ಲ. ಪ್ರಾಯೋಜಕರಿಂದ ಹಣ ಪಡೆದು ನಟನಿಗೆ ಮಾತ್ರ ‘ಪ್ರೀತಿಗಾಗಿ ಮಾಡು’ ಎನ್ನುವುದು ತಪ್ಪು. ಕೇಳುವುದಕ್ಕೆ ನಾಚಬೇಡ.

ಕಲಿಕೆ ಡಿಪ್ಲೊಮಾಕ್ಕೆ ಮುಗಿಯಿತೆಂದು ತಿಳಿದಿದ್ದರೆ ಬಿ.ವಿ. ಕಾರಂತರನ್ನು ನೆನೆ. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದವರು. ಅಲ್ಲಿಂದ ಕಾಶಿಗೆ ಹೋಗಿ ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿ ಮತ್ತೆ ವಿದ್ಯಾರ್ಥಿಯಾದರು. ಕಂಪನಿಯ ಅನುಭವವೇ ಸಾಕೆಂದು ಕೂತಿದ್ದರೆ 1989ರ ರಂಗಾಯಣ ಎಲ್ಲಿರುತ್ತಿತ್ತು? ಏಣಗಿ ಬಾಳಪ್ಪನವರನ್ನೂ ನೋಡು. ಸ್ತ್ರೀ ಪಾತ್ರಗಳಿಂದ ಹೆಸರಾದವರು, ವಯಸ್ಸು ಏರಿದಂತೆ ಬಸವಣ್ಣನಾದರು. ನಿನಗೂ ನಲವತ್ತಾಗುತ್ತದೆ, ನಾಯಕನ ಪಾತ್ರ ಕಿರಿಯರಿಗೆ ಹೋಗುತ್ತದೆ. ಅದಕ್ಕೆ ಮೂವತ್ತರಲ್ಲೇ ತಯಾರಾಗು. ಬೆಳಕಿನ ವಿನ್ಯಾಸವೋ ಪ್ರಸಾಧನವೋ ರಂಗಸಂಗೀತವೋ, ಯಾವುದಾದರೂ ಒಂದನ್ನು ನಾಲ್ಕು ಜನ ಹುಡುಕಿಕೊಂಡು ಬರುವಷ್ಟು ಕಲಿ.

ಈ ವಾರ ನಿನಗೆ ಷೋ ಇಲ್ಲ ಅಲ್ಲವೇ? ಹಾಗಾದರೆ ಪಾಸಿಗಾಗಿ ಯಾರನ್ನೂ ಕಾಡದೆ, ಟಿಕೆಟ್ ಕೊಂಡು ಇನ್ನೊಬ್ಬರ ನಾಟಕ ನೋಡು. ಮುಗಿದ ಮೇಲೆ ಗ್ರೀನ್‌ರೂಮಿಗೆ ಹೋಗಿ, ಚೆನ್ನಾಗಿ ಮಾಡಿದವರಿಗೆ ಚೆನ್ನಾಗಿತ್ತೆಂದು ಹೇಳಿ ಬಾ.