ಕೊಳವೆ ಒಂದು, ಕೈಗಳು ಹಲವು

ಕುಲುಮೆಯೊಳಗೆ ಗಾಜು ಸುಮಾರು 1100 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿ ಜೇನಿನಷ್ಟು ಮಂದವಾಗಿರುತ್ತದೆ. ಉಕ್ಕಿನ ಕೊಳವೆಯ ತುದಿಗೆ ಅದನ್ನು ಸುತ್ತಿಕೊಂಡ ಕ್ಷಣದಿಂದ ಕೊಳವೆ ತಿರುಗುತ್ತಲೇ ಇರಬೇಕು. ನಿಂತರೆ ಗಾಜು ಒಂದು ಬದಿಗೆ ಜೋತುಬೀಳುತ್ತದೆ. ಹಾಗೆ ತಿರುಗಿಸುತ್ತಲೇ ಇಕ್ಕಳದಿಂದ ಕತ್ತು ಹಿಂಡಬೇಕು, ಒದ್ದೆ ಪತ್ರಿಕೆಯ ಮಡಿಕೆಯಿಂದ ಮೈ ಸವರಬೇಕು. ಅದೇ ಹೊತ್ತಿಗೆ ಕೊಳವೆಯ ಇನ್ನೊಂದು ತುದಿಯಲ್ಲಿ ಯಾರಾದರೂ ಊದಬೇಕು. ದೊಡ್ಡ ಕೆಲಸ ಒಬ್ಬರಿಂದ ಆಗದು ಎಂಬುದನ್ನು ಕುಲುಮೆಯೇ ನನಗೆ ಕಲಿಸಿತು.

ಆದರೆ ಸ್ಟುಡಿಯೊ ಗಾಜು ಕಲೆ ಹುಟ್ಟಿದ್ದು ಒಬ್ಬ ಕಲಾವಿದ ತಾನೇ ಎಲ್ಲವನ್ನೂ ಮಾಡಬಹುದೆಂಬ ಆಸೆಯಿಂದ. ಅಮೆರಿಕದಲ್ಲಿ ಗಾಜು ಊದುವುದೆಂದರೆ ಕಾರ್ಖಾನೆಯ ಕೆಲಸವೆಂದಿದ್ದ ಕಾಲದಲ್ಲಿ, 1962ರಲ್ಲಿ, ಹಾರ್ವಿ ಲಿಟಲ್‌ಟನ್ ಟೊಲೀಡೊ ಕಲಾ ಮ್ಯೂಸಿಯಂನಲ್ಲಿ ಪುಟ್ಟ ಕುಲುಮೆಯೊಂದನ್ನು ಕಟ್ಟಿ ಕಾರ್ಯಾಗಾರ ನಡೆಸಿದರು. ಮೊದಲು ಕರಗಿಸಿದ ಗಾಜು ಊದಲು ಬರಲಿಲ್ಲ. ಗಾಜು ತಜ್ಞ ಡೊಮಿನಿಕ್ ಲಬೈನೊ ಫೈಬರ್‌ಗ್ಲಾಸ್ ತಯಾರಿಕೆಯ ಗೋಲಿಗಳನ್ನು ಕರಗಿಸುವಂತೆ ಹೇಳಿದ ಮೇಲೆಯೇ ಕೆಲಸ ಸಾಗಿದ್ದು. ಒಬ್ಬರೇ ಮಾಡುವ ಕನಸಿಗೂ ಮೊದಲ ದಿನಗಳಲ್ಲೇ ಇನ್ನೊಬ್ಬರ ನೆರವು ಬೇಕಾಯಿತು.

ಲಿಟಲ್‌ಟನ್ ಅವರ ಶಿಷ್ಯ ಡೇಲ್ ಚಿಹುಲಿ 1968ರಲ್ಲಿ ವೆನಿಸ್‌ ಬಳಿಯ ಮುರಾನೊ ದ್ವೀಪದ ವೆನಿನಿ ಕಾರ್ಖಾನೆಗೆ ಹೋದರು. 1291ರಲ್ಲಿ ವೆನಿಸ್ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಈ ದ್ವೀಪಕ್ಕೆ ಕಳಿಸಿತ್ತು. ಅಲ್ಲಿ ಮಾಯೆಸ್ತ್ರೊ, ಅಂದರೆ ತಂಡದ ಗುರು, ಬೆಂಚಿನಲ್ಲಿ ಕೂತರೆ, ಗಾಜು ತರುವವರು, ಊದುವವರು, ಮತ್ತೆ ಕಾಯಿಸಿ ಕೊಡುವವರು ಸುತ್ತ ಸಿದ್ಧರಿರುತ್ತಿದ್ದರು. ಆ ಪದ್ಧತಿಯನ್ನು ಕಂಡು ಬಂದ ಚಿಹುಲಿ, 1971ರಲ್ಲಿ ಕಲಾಪೋಷಕರಾದ ಹಾಬರ್ಗ್ ದಂಪತಿಯ ಜೊತೆಗೂಡಿ ಸಿಯಾಟಲ್‌ನ ಉತ್ತರಕ್ಕೆ ಪಿಲ್ಚಕ್ ಗಾಜು ಶಾಲೆ ಕಟ್ಟಿದರು.

1976ರಲ್ಲಿ ಇಂಗ್ಲೆಂಡಿನ ಕಾರು ಅಪಘಾತದಲ್ಲಿ ಅವರ ಎಡಗಣ್ಣಿನ ದೃಷ್ಟಿ ಹೋಯಿತು. 1979ರಲ್ಲಿ ಸಮುದ್ರದ ಅಲೆಗಳಲ್ಲಿ ಆಡುವಾಗ ಭುಜದ ಕೀಲು ತಪ್ಪಿತು. ಕೊಳವೆಯನ್ನು ಇತರರ ಕೈಗೆ ಬಿಟ್ಟು, ತಮಗೆ ಬೇಕಾದುದನ್ನು ಕಾಗದದ ಮೇಲೆ ಬಣ್ಣದಲ್ಲಿ ಬಿಡಿಸಿ ತಂಡಕ್ಕೆ ತೋರಿಸುವುದು ಅವರ ರೀತಿಯಾಯಿತು. ಲಾಸ್ ವೇಗಸ್‌ನ ಬೆಲಾಜಿಯೊ ಹೋಟೆಲಿನ ಚಾವಣಿಯಲ್ಲಿ 1998ರಿಂದ ಅರಳಿ ನಿಂತಿರುವ ಸುಮಾರು 2000 ಗಾಜಿನ ಹೂಗಳು ಇಂಥ ತಂಡದ ದುಡಿಮೆ.

ಅದೇ 1979ರಲ್ಲಿ ಮುರಾನೊದ ಲೀನೊ ತಾಲ್ಯಾಪಿಯೆತ್ರಾ ಪಿಲ್ಚಕ್‌ಗೆ ಬಂದು ಕಲಿಸಿದರು. ಬಾಲ್ಯದಲ್ಲೇ ಕುಲುಮೆ ಸೇರಿದ ಅವರು, ದ್ವೀಪದವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗುಟ್ಟುಗಳನ್ನು ಪರದೇಶದ ಹುಡುಗರ ಮುಂದೆ ಬಿಚ್ಚಿಟ್ಟರು. ಊರಿನ ಕೆಲವರಿಗೆ ಇದು ಸರಿಬರಲಿಲ್ಲ. ಆದರೂ ತಾಲ್ಯಾಪಿಯೆತ್ರಾ ಕಲಿಸುವುದನ್ನು ನಿಲ್ಲಿಸಲಿಲ್ಲ.

ನನಗೆ ಈ ಕಥೆಗಳು ದೊಡ್ಡವರ ಚರಿತ್ರೆಯಷ್ಟೇ ಅಲ್ಲ, ದಿನದ ಕೆಲಸದ ಪಾಠ. ಬೆಂಚಿನಲ್ಲಿ ಕೂತವರ ತೋಳಿಗೆ ಶಾಖ ತಾಗದಂತೆ ಮರದ ಹಲಗೆ ಹಿಡಿಯುವಾಗ, ಅವರು ಕೇಳುವ ಮೊದಲೇ ಹಲಗೆ ಎಲ್ಲಿರಬೇಕೆಂಬುದನ್ನು ಅವರ ಭುಜ ನೋಡಿ ತಿಳಿಯಲು ಕಲಿತೆ. ಊದು ಎಂದಾಗ ಎಷ್ಟು, ಸಾಕು ಎಂದಾಗ ಎಷ್ಟು ಬೇಗ ನಿಲ್ಲಿಸಬೇಕು ಎಂಬುದೂ ಹಾಗೆಯೇ ಬಂತು. ಮುಗಿದ ಪಾತ್ರೆಯನ್ನು ಸುಮಾರು 500 ಡಿಗ್ರಿಯ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ತಣಿಸದಿದ್ದರೆ ಒಳಗಿನ ಬಿಗಿತದಿಂದ ಅದು ಸೀಳುತ್ತದೆ. ಆ ಗೂಡಿನ ಬಾಗಿಲನ್ನು ಸರಿಯಾದ ಕ್ಷಣಕ್ಕೆ ತೆರೆಯುವವರ ಕೈಯಲ್ಲೂ ಆ ಪಾತ್ರೆಯ ಆಯುಸ್ಸಿದೆ.

ನನ್ನಲ್ಲಿ ಕಲಿಯಲು ಬರುವವರಿಗೆ ಈಗ ಮೊದಲು ಕೊಡುವುದು ಆ ಹಲಗೆ, ಆ ಬಾಗಿಲು. ಕೊಳವೆ ಆಮೇಲೆ.